ಹವಾಲ್ದಾರರ ಸೊಂಟವೂ ನನ್ನ ಹೆಸರೂ

ನನ್ನ ಹೆಸರು ಬಾಟಲಿಯಲ್ಲಿ ಸಿಗುತ್ತದೆ ಎಂದು ನನಗೆ ಗೊತ್ತಾದದ್ದು ಕಳೆದ ತಿಂಗಳು.

ಅದೂ ಎಲ್ಲಿ? ಸೌದಿ ಅರೇಬಿಯಾದಲ್ಲಿ. ದಹ್ರಾನಿನ ನಮ್ಮ ಕ್ಯಾಂಪಿನಲ್ಲಿ, ಮಿಲಿಟರಿಯಿಂದ ನಿವೃತ್ತರಾಗಿ ಬಂದ ಹವಾಲ್ದಾರರೊಬ್ಬರ ಮಂಚದ ಅಡಿಯಲ್ಲಿ. ನೋಡಲು ನೀರಿನಷ್ಟೇ ತಿಳಿ. ಮುಚ್ಚಳ ತೆಗೆದರೆ ಮಾತ್ರ ನಮ್ಮ ಕಣ್ಣಲ್ಲೇ ನೀರು.

ನಿಧಾನಕ್ಕೆ ಹೇಳುತ್ತೇನೆ. ಮೊದಲಿಂದ ಹೇಳದಿದ್ದರೆ ನೀವು ನನ್ನನ್ನೇ ಕುಡುಕ ಎಂದುಕೊಳ್ಳುತ್ತೀರಿ. ಪಾಣೆಮಂಗಳೂರಿನಲ್ಲಿ ನನ್ನ ಉಮ್ಮ, ಅಂದರೆ ಅಮ್ಮ, ಈ ಅಂಕಣವನ್ನು ಪಕ್ಕದ ಮನೆ ಹುಡುಗಿಯಿಂದ ಓದಿಸಿ ಕೇಳುತ್ತಾರೆ. ಮೊದಲ ವಾಕ್ಯಕ್ಕೇ ಅವರು ತಲೆ ಮೇಲೆ ಕೈ ಇಟ್ಟಾಗಿರುತ್ತದೆ. (ಉಮ್ಮಾ, ಪೂರ್ತಿ ಕೇಳಿ. ಹುಡುಗಿ, ನೀನು ಓದುವುದನ್ನು ನಿಲ್ಲಿಸಬೇಡ.)

ನನ್ನ ಹೆಸರು ಸಿದ್ದೀಕ್. ಸತ್ಯವಂತ ಎಂದು ಅರ್ಥ. ನಮ್ಮ ಕಡೆ ಈ ಹೆಸರಿಗೆ ಬರಗಾಲವಿಲ್ಲ. ಪಾಣೆಮಂಗಳೂರು ಪೇಟೆಯಲ್ಲಿ ನಿಂತು ‘ಓ ಸಿದ್ದೀಕ್’ ಎಂದು ಕರೆದರೆ ಮೀನಿನಂಗಡಿಯಿಂದ ಒಂದು ತಲೆ, ಬೀಡಿ ಕಂಪನಿಯ ಬ್ರಾಂಚಿನಿಂದ ಒಂದು ತಲೆ, ಹೋಗುತ್ತಿರುವ ಬಸ್ಸಿನ ಕಿಟಕಿಯಿಂದ ಒಂದು ತಲೆ ಹೊರಗೆ ಬರುತ್ತದೆ. ಇಲ್ಲಿ ಕ್ಯಾಂಪಿನಲ್ಲಿ ನಾನೊಬ್ಬನೇ. ಹಾಗೆಂದು ಆರು ವರ್ಷ ನಂಬಿಕೊಂಡಿದ್ದೆ.

ಕೆಲಸ ಟೈಮ್ ಕೀಪರ್. ಯಾರು ಎಷ್ಟು ಗಂಟೆಗೆ ಬಂದರು, ಎಷ್ಟಕ್ಕೆ ಹೋದರು ಎಂದು ಬರೆಯುವುದು. ಉಳಿದ ಹೊತ್ತಿನಲ್ಲಿ ಸಂಬಳವಿಲ್ಲದ ದುಭಾಷಿ. ಬ್ಯಾರಿ, ತುಳು, ಕನ್ನಡ, ಮಲಯಾಳ, ಹಿಂದಿ, ಇಂಗ್ಲಿಷ್, ಅರಬಿ. ಏಳು ಭಾಷೆ ಬರುತ್ತದೆ ಎಂದು ನಾನು ಜಂಬ ಕೊಚ್ಚುವುದುಂಟು. ಏಳರಲ್ಲೂ ಒಟ್ಟಿಗೆ ಹೇಗೆ ಎಡವಬಹುದು ಎಂಬುದು ಈ ವಾರದ ವಿಷಯ.

ಇನ್ನು ಹವಾಲ್ದಾರರು. ಅವರನ್ನು ಬೋನಿಫಾಸ್ ಎಂದು ಕರೆಯುತ್ತೇನೆ. ಶಿರ್ವ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ನಮ್ಮ ಕಂಪನಿಯಲ್ಲಿ ಗೇಟಿನ ಸೆಕ್ಯುರಿಟಿ. (‘ಬರೆ ಮಾರಾಯ, ಬರೆ, ಯಾರಿಗಾದರೂ ಬುದ್ಧಿ ಬರಲಿ’ ಎಂದು ಅವರೇ ಅಪ್ಪಣೆ ಕೊಟ್ಟಿದ್ದಾರೆ. ಅವರ ಹೆಸರು ಬದಲಿಸಿದ್ದೇನೆ. ನನ್ನದನ್ನು ಬದಲಿಸಿದರೆ ಕತೆಯೇ ಇಲ್ಲ.) ನಾವಿಬ್ಬರೂ ಮಾತಾಡುವುದು ಅರ್ಧ ತುಳು, ಅರ್ಧ ಕನ್ನಡ, ಸಿಟ್ಟು ಬಂದರೆ ಹಿಂದಿ.

ಹದಿನೇಳು ವರ್ಷ ಸೈನ್ಯದಲ್ಲಿದ್ದವರು. ಗಡಿಯ ಕಡೆ ಬೆಟ್ಟದ ರಸ್ತೆಯಲ್ಲಿ ಟ್ರಕ್ ಮಗುಚಿ ಸೊಂಟದ ಡಿಸ್ಕ್ ಜಾರಿತ್ತು. ಜಾರಿದ್ದು ಮತ್ತೆ ಅದರ ಜಾಗಕ್ಕೆ ಬರಲೇ ಇಲ್ಲ. ಆದರೆ ಹವಾಲ್ದಾರರ ಬಾಯಿಂದ ‘ನೋವು’ ಎಂಬ ಶಬ್ದವನ್ನು ನಾನಂತೂ ಕೇಳಿರಲಿಲ್ಲ. ಮಿಲಿಟರಿಯಲ್ಲಿ ಮೈ ಸರಿಯಿಲ್ಲದವನು ಬೆಳಿಗ್ಗೆ ‘ಸಿಕ್ ರಿಪೋರ್ಟ್’ ಮಾಡಬೇಕಂತೆ. ಮಾಡಿದವನನ್ನು ಉಳಿದವರು ‘ಬಹಾನೇಬಾಜ್’ ಎಂದು ಛೇಡಿಸುತ್ತಾರಂತೆ. ನೆಪ ಹೇಳುವವನು ಎಂದರ್ಥ. ಹದಿನೇಳು ವರ್ಷದಲ್ಲಿ ಒಂದು ಸಲವೂ ಸಿಕ್ ರಿಪೋರ್ಟ್ ಮಾಡಿಲ್ಲ ಎಂಬುದು ಹವಾಲ್ದಾರರ ದೊಡ್ಡ ಹೆಮ್ಮೆ. ಟ್ರಕ್ ಮಗುಚಿದ ಮರುದಿನವೂ!

ಗೇಟಿನ ಕೋಣೆಯಲ್ಲಿ ಒಂದು ಕುರ್ಚಿ ಉಂಟು. ಅದರ ಮೇಲೆ ಹವಾಲ್ದಾರರ ಟೊಪ್ಪಿ ಕೂರುತ್ತದೆ. ಹವಾಲ್ದಾರರು ನಿಲ್ಲುತ್ತಾರೆ. ಜೇಬಿನಲ್ಲಿ ನೋವಿನ ಮಾತ್ರೆಯ ಸ್ಟ್ರಿಪ್. ಮಕ್ಕಳು ಪೆಪ್ಪರ್‌ಮಿಂಟ್ ತಿನ್ನುವ ಹಾಗೆ ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕೇಳಿದರೆ ‘ಗ್ಯಾಸ್’ ಎನ್ನುತ್ತಿದ್ದರು.

ಹೀಗಿರುವಾಗ ನಮ್ಮ ಕಂಪನಿ ಕ್ಲಿನಿಕ್ಕಿಗೆ ಈಜಿಪ್ಟಿನಿಂದ ಹೊಸ ಡಾಕ್ಟರ್ ಬಂದರು. ಡಾಕ್ಟರ್ ಹುಸಾಮ್. ದೊಡ್ಡ ಹೊಟ್ಟೆ, ದೊಡ್ಡ ನಗು. ಅವರಿಗೊಂದು ಹುಚ್ಚು ಇತ್ತು. ಎಷ್ಟೋ ಕಾಲದಿಂದ ನೋವಿರುವವರಿಗೆ, ಅದರಲ್ಲೂ ಹಳೇ ಸೈನಿಕರಿಗೆ, ಮಾತ್ರೆಗಿಂತ ಮೊದಲು ಮಾತು ಬೇಕು ಎಂಬ ಹುಚ್ಚು. ನೋವು ಸೊಂಟದಲ್ಲಿ ಶುರುವಾಗಿ ತಲೆಗೆ ಹೋಗುತ್ತದೆ, ತಲೆಯಿಂದ ಮಾತ್ರೆಗೆ ಹೋಗುತ್ತದೆ, ಮಾತ್ರೆಯಿಂದ ಇನ್ನೆಲ್ಲಿಗೋ ಹೋಗುತ್ತದೆ. ಅಷ್ಟು ದೂರ ಹೋಗುವ ಮೊದಲೇ ಕೂರಿಸಿ ಮಾತಾಡಿಸಬೇಕು ಎನ್ನುತ್ತಿದ್ದರು. ಸರಿ, ಸೆಕ್ಯುರಿಟಿಯಲ್ಲಿ ಮಾಜಿ ಸೈನಿಕರೇ ತುಂಬಿದ್ದರಲ್ಲ, ಒಬ್ಬೊಬ್ಬರಿಗೇ ಚೀಟಿ ಹೋಯಿತು. ಮೊದಲನೆಯ ಚೀಟಿ ಹವಾಲ್ದಾರರಿಗೆ.

ಚೀಟಿ ಹಿಡಿದುಕೊಂಡು ಅವರು ನನ್ನ ಆಫೀಸಿಗೆ ಬಂದರು. ಮುಖದಲ್ಲಿ ರಕ್ತವಿಲ್ಲ.

“ಸಿದ್ದೀಕ್, ನನ್ನನ್ನು ಕ್ಯಾನ್ಸಲ್ ಮಾಡಿದ್ರು ಮಾರಾಯ.”

ಗಲ್ಫಿನಲ್ಲಿ ಇರುವವರಿಗೆ ಈ ಶಬ್ದವನ್ನು ಬಿಡಿಸಿ ಹೇಳಬೇಕಿಲ್ಲ. ಊರಿನವರಿಗೆ ಹೇಳುತ್ತೇನೆ. ಇಲ್ಲಿ ಇರಲು ಕೊಡುವ ಗುರುತುಪತ್ರ ಇಕಾಮಾ. ಕ್ಯಾನ್ಸಲ್ ಎಂದರೆ ಆ ಇಕಾಮಾ ವಾಪಸ್, ಪಾಸ್‌ಪೋರ್ಟಿಗೆ ಎಕ್ಸಿಟ್ ಮುದ್ರೆ, ಕೈಯಲ್ಲಿ ಒನ್ ವೇ ಟಿಕೆಟ್. ಜ್ವರ, ಮರಳ ಗಾಳಿ, ಕಫೀಲ ಎಂಬ ಧಣಿಯ ಬೈಗಳು ಎಲ್ಲವನ್ನೂ ನಗುತ್ತಾ ಸಹಿಸುವ ಗಂಡಸರು ಈ ಒಂದು ಶಬ್ದಕ್ಕೆ ನಿಂತಲ್ಲೇ ಬೆವರುತ್ತಾರೆ.

ನಾನು ಚೀಟಿ ನೋಡಿದೆ. ‘ಕೌನ್ಸೆಲಿಂಗ್, ಮಂಗಳವಾರ ನಾಲ್ಕು ಗಂಟೆ, ಕ್ಲಿನಿಕ್’ ಎಂದು ಇಂಗ್ಲಿಷಿನಲ್ಲಿ ಇತ್ತು.

“ಇದು ಕ್ಯಾನ್ಸಲಿಂಗ್ ಅಲ್ಲ ಹವಾಲ್ದಾರ್ರೇ, ಕೌನ್ಸೆಲಿಂಗ್.”

“ಎರಡೂ ಒಂದೇ ಅಲ್ವಾ?”

“ಅಲ್ಲ. ಇದು ಕೂತು ಮಾತಾಡುವುದು.”

“ಎಂತ ಮಾತಾಡುವುದು?”

“ನೋವಿನ ವಿಷಯ.”

“ನೋವಿನ ವಿಷಯ ಮಾತಾಡ್ಲಿಕ್ಕೆ ಎಂತ ಉಂಟು? ನೋವು ಉಂಟು. ಮುಗೀತಲ್ಲ!”

ಹೇಳಿದ ಮೇಲೆ ಅವರೇ ಬೆಚ್ಚಿಬಿದ್ದರು. ಬಾಯಿ ತಪ್ಪಿ ಶಬ್ದ ಹೊರಗೆ ಬಂದಿತ್ತು. ಕೂಡಲೇ ಕೆಮ್ಮಿ, ಮೀಸೆ ಸರಿ ಮಾಡಿಕೊಂಡು, “ಅಂಥದ್ದೇನಿಲ್ಲ, ಸ್ವಲ್ಪ ಗ್ಯಾಸ್” ಎಂದರು. ಅಷ್ಟರಲ್ಲಿ ಅವರು ಅಟ್ಟದ ಸೂಟ್‌ಕೇಸ್ ಕೆಳಗಿಳಿಸಿ, ಊರಿಗೆ ಒಯ್ಯಲು ಹಾಲಿನ ಪುಡಿಯ ಡಬ್ಬಿ ಕೂಡ ತಂದಿಟ್ಟಾಗಿತ್ತು ಎಂದು ಆಮೇಲೆ ಗೊತ್ತಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹವಾಲ್ದಾರರು ಹೆಗಲು ಏಕೆ ಮುಟ್ಟಿಕೊಂಡರು ಎಂದು ಆ ದಿನ ನನ್ನ ತಲೆಗೆ ಹೋಗಲೇ ಇಲ್ಲ.

ಮಂಗಳವಾರ ನಾಲ್ಕು ಗಂಟೆ. ಡಾಕ್ಟರ್, ಹವಾಲ್ದಾರರು, ನಡುವೆ ದುಭಾಷಿ ನಾನು. ಡಾಕ್ಟರ ಇಂಗ್ಲಿಷ್ ಕೈರೋದ್ದು, ಹವಾಲ್ದಾರರ ಇಂಗ್ಲಿಷ್ ರೆಜಿಮೆಂಟಿನದ್ದು. ಒಂದಕ್ಕೊಂದು ಪರಿಚಯವಿಲ್ಲ.

ಅರಬರ ಬಾಯಲ್ಲಿ ‘ಪ’ ಹೊರಳುವುದಿಲ್ಲ, ‘ಬ’ ಆಗುತ್ತದೆ. ಪೆಪ್ಸಿ ಬೆಬ್ಸಿ, ಪಾರ್ಕಿಂಗ್ ಬಾರ್ಕಿಂಗ್. ಡಾಕ್ಟರು ಮುಂದೆ ಬಾಗಿ, ಪ್ರೀತಿಯಿಂದ, “ವೇರ್ ಬೇನ್?” ಎಂದರು.

ಹವಾಲ್ದಾರರು ನನ್ನ ಕಡೆ ತಿರುಗಿ, “ಇವ್ರಿಗೆ ಕನ್ನಡ ಬರ್ತದಾ ಮಾರಾಯ?” ಎಂದರು.

ನಿಜಕ್ಕೂ ಕೆಲಸ ಸುಲಭವಾಯಿತು. ಬೇನ್ ಎಂದರೆ ಬೇನೆ. ಸೊಂಟದಲ್ಲಿ ಬೇನೆ, ಎಡಗಾಲಿಗೆ ಇಳಿಯುತ್ತದೆ, ಕೂತು ಎದ್ದರೆ ಜಾಸ್ತಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಾದೆ ಉಂಟಲ್ಲ, ಹವಾಲ್ದಾರರದ್ದು ಅದಕ್ಕೂ ಮುಂದಿನ ಸ್ಥಿತಿ. ಬಗ್ಗಿದರೆ ಏಳುವುದಿಲ್ಲ. ಅದಕ್ಕೇ ಅವರು ಕೂರುತ್ತಿರಲಿಲ್ಲವಂತೆ. ನಾವೆಲ್ಲ ಅದನ್ನು ಶಿಸ್ತು ಎಂದು ಹೊಗಳುತ್ತಿದ್ದೆವು!

ಆಮೇಲೆ ಡಾಕ್ಟರು ಕೇಳಿದರು, “ಸಂಜೆ ರೂಮಿಗೆ ಹೋದ ಮೇಲೆ ನೋವು ಜಾಸ್ತಿಯಾದರೆ ಏನು ಮಾಡುತ್ತೀರಿ?”

ಹವಾಲ್ದಾರರು ನೆಲ ನೋಡಿದರು. ಹಣೆಯಲ್ಲಿ ಬೆವರು. ಆಮೇಲೆ ಏನೋ ನಿರ್ಧಾರ ಮಾಡಿದವರ ಹಾಗೆ ಉಸಿರು ಬಿಟ್ಟು, ಸಣ್ಣ ದನಿಯಲ್ಲಿ ಹೇಳಿದರು:

“ಹೇಳಿಬಿಡು ಮಾರಾಯ. ಸಿದ್ದೀಕಿ ಉಂಟಲ್ಲ, ದಿನಾ ಸಂಜೆ. ಅದಿಲ್ಲದೆ ಆಗುವುದಿಲ್ಲ ನನಗೆ.”

ನನ್ನ ಎದೆ ತುಂಬಿ ಬಂತು.

ಸತ್ಯ ಹೇಳಬೇಕೆಂದರೆ ನಾವು ಭೇಟಿಯಾಗುತ್ತಿದ್ದದ್ದು ಶುಕ್ರವಾರ ಮಾತ್ರ. ಒಂದು ಆಟ ಕೇರಂ, ಒಂದು ಲೋಟ ಚಹಾ, ಅಷ್ಟೇ. ಅದನ್ನೇ ಈ ಮನುಷ್ಯ ‘ದಿನಾ’ ಎನ್ನುತ್ತಿದ್ದಾರೆ. ನಾನಿಲ್ಲದೆ ಆಗುವುದಿಲ್ಲ ಎನ್ನುತ್ತಿದ್ದಾರೆ. ಕೊನೆಯಲ್ಲಿ ಒಂದು ‘ಇ’ ಬೇರೆ ಸೇರಿಸಿದ್ದಾರೆ, ಮುದ್ದಿಗೆ! (‘ಉಂಟು’ ಎಂದರು, ‘ಇದ್ದಾನೆ’ ಎನ್ನಲಿಲ್ಲ. ‘ಅದಿಲ್ಲದೆ’ ಎಂದರು, ‘ಅವನಿಲ್ಲದೆ’ ಎನ್ನಲಿಲ್ಲ. ಕನ್ನಡದ ಲಿಂಗ ವಚನ ಬಲ್ಲವರು ಅಲ್ಲೇ ಹಿಡಿಯುತ್ತಿದ್ದರು. ಆದರೆ ಹೊಗಳಿಕೆ ಕೇಳುವಾಗ ವ್ಯಾಕರಣ ಯಾರು ನೋಡುತ್ತಾರೆ ಹೇಳಿ?)

ನಾನು ಗಂಟಲು ಸರಿ ಮಾಡಿಕೊಂಡು ಅರಬಿಯಲ್ಲಿ ಹೇಳಿದೆ: ಸಂಜೆ ಇವರು ದಿನಾ ಸಿದ್ದೀಕನ ಜೊತೆ ಇರುತ್ತಾರೆ.

ಈಗ ಅರಬಿಯ ತಮಾಷೆ ನೋಡಿ. ಆ ಭಾಷೆಯಲ್ಲಿ ಗೆಳೆಯನಿಗೆ ‘ಸದೀಕ್’ ಎನ್ನುತ್ತಾರೆ. ನನ್ನ ಹೆಸರನ್ನೂ ಆ ಶಬ್ದವನ್ನೂ ಬರೆಯುವಾಗ ಅಕ್ಷರ ಅವೇ. ನನ್ನ ಉಚ್ಚಾರಕ್ಕೆ ಡಾಕ್ಟರ ಕಿವಿಗೆ ಬಿದ್ದದ್ದು ‘ಗೆಳೆಯ’.

ಡಾಕ್ಟರ್ ಹುಸಾಮ್ ಕುರ್ಚಿಯಿಂದ ಎದ್ದೇಬಿಟ್ಟರು. “ಮಾಷಾ ಅಲ್ಲಾಹ್! ಗೆಳೆಯ ಇದ್ದಾನೆ ಎಂದರೆ ಅರ್ಧ ಚಿಕಿತ್ಸೆ ಆಯಿತು! ಹೇಳು ಇವರಿಗೆ, ಬಿಡಬಾರದು. ದಿನಾ ಬೇಕು. ನೋವು ಬಂದ ಕೂಡಲೇ ಬೇಕು, ಜಾಸ್ತಿಯಾಗುವವರೆಗೆ ಕಾಯಬಾರದು.”

ನಾನು ನಾಚಿಕೊಂಡು ಅನುವಾದ ಮಾಡಿದೆ: “ಸಿದ್ದೀಕ್ ಒಳ್ಳೇದಂತೆ. ದಿನಾ ಬೇಕಂತೆ. ನೋವು ಬಂದ ಕೂಡಲೇ, ಕಾಯದೆ.”

ಹವಾಲ್ದಾರರ ಬಾಯಿ ತೆರೆದದ್ದು ಮುಚ್ಚಲಿಲ್ಲ.

“ಡಾಕ್ಟ್ರೇ ಹೇಳಿದ್ದಾ?”

“ಡಾಕ್ಟ್ರೇ.”

“ಸೌದಿಯಲ್ಲಾ?”

“ಎಲ್ಲಾದರೇನು? ಮನುಷ್ಯನಿಗೆ ಬೇಕಾದ್ದು ಬೇಕೇ.”

“ಎಷ್ಟು ಅಂತ ಕೇಳು ಮಾರಾಯ.”

“ಎಷ್ಟು ಹೊತ್ತಾದರೂ ಆಗಬಹುದು ಹವಾಲ್ದಾರ್ರೇ, ಅದಕ್ಕೆಂತ ಲೆಕ್ಕ? ಸಂಕೋಚ ಬೇಡ.”

ಹೊರಗೆ ಬಂದ ಮೇಲೆ ಅವರು ಕ್ಲಿನಿಕ್ಕಿನ ಗೋಡೆಗೆ ಒರಗಿ ನಿಂತರು. “ಇಂಥ ಡಾಕ್ಟ್ರನ್ನು ನಾನು ಮಿಲಿಟರಿ ಆಸ್ಪತ್ರೆಯಲ್ಲೂ ನೋಡಿಲ್ಲ” ಎಂದು ಗದ್ಗದಿತರಾದರು. ನಾನೂ ಗದ್ಗದಿತನಾದೆ. ಇಬ್ಬರೂ ಬೇರೆ ಬೇರೆ ವಿಷಯಕ್ಕೆ.

ಅಂದಿನಿಂದ ಶುರುವಾಯಿತು ನನ್ನ ಸಮಾಜಸೇವೆ. ಡಾಕ್ಟರ ಆಜ್ಞೆಯಲ್ಲವೇ? ಡ್ಯೂಟಿ ಮುಗಿದ ಕೂಡಲೇ ಫ್ಲಾಸ್ಕಿನಲ್ಲಿ ಹಾಲಿಲ್ಲದ ಸುಲೈಮಾನಿ ಚಹಾ ತುಂಬಿಕೊಂಡು ಹವಾಲ್ದಾರರ ರೂಮಿಗೆ ಹಾಜರಾಗುತ್ತಿದ್ದೆ. ಮೊದಲ ದಿನ ಅವರಿಗೆ ಖುಷಿಯಾಯಿತು. ಎರಡನೆಯ ದಿನ ‘ಪುನಃ ಬಂದೆಯಾ?’ ಎಂದರು. ಆಮೇಲಾಮೇಲೆ ನನ್ನನ್ನು ನೋಡಿದರೆ ಅವರ ಮುಖ ಸಾಲ ಕೊಟ್ಟವನನ್ನು ನೋಡಿದ ಹಾಗೆ ಆಗುತ್ತಿತ್ತು.

“ನಿನಗೆ ಹೆಂಡತಿಗೆ ಪತ್ರ ಬರೆಯಲಿಕ್ಕೆ ಇಲ್ವಾ ಸಿದ್ದೀಕ್?”

“ಬರೆದಾಯ್ತು.”

“ನಮಾಜು?”

“ಮುಗಿಸಿಯೇ ಬಂದೆ.”

“ನಿದ್ದೆ?”

“ನಿಮಗೆ ಬರುವವರೆಗೆ ನನಗೆಂತ ನಿದ್ದೆ ಹವಾಲ್ದಾರ್ರೇ!”

ಅವರು ಮಂಚದ ತುದಿಯಲ್ಲಿ ಕೂತು ಚಡಪಡಿಸುತ್ತಿದ್ದರು. ಕೈ ಸಣ್ಣಗೆ ನಡುಗುತ್ತಿತ್ತು. ನಾನು ‘ಎಸಿ ಜಾಸ್ತಿಯಾಯ್ತಾ?’ ಎಂದು ಎದ್ದು ಕಡಿಮೆ ಮಾಡುತ್ತಿದ್ದೆ. ಅವರಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಪುನಃ ಎದ್ದು ಜಾಸ್ತಿ ಮಾಡುತ್ತಿದ್ದೆ. ನನ್ನಂಥ ಮಂಗ ಇನ್ನೊಬ್ಬನಿಲ್ಲ.

ಒಂದು ಸಂಜೆ ಹವಾಲ್ದಾರರ ತಾಳ್ಮೆ ಕಡಿಯಿತು.

“ಅರೇ ಭಾಯ್!” ಎಂದು ಹಿಂದಿಯಲ್ಲಿ ಶುರು ಮಾಡಿದರು. ಹಿಂದಿ ಎಂದರೆ ಸಿಟ್ಟು ಬಂದಿದೆ ಎಂದು ಲೆಕ್ಕ. “ಡಾಕ್ಟ್ರು ದಿನಾ ಸಿದ್ದೀಕಿ ತಗೊಳ್ಳಿ ಅಂದಿದ್ದಾರೆ. ತಗೊಳ್ಳಲಿಕ್ಕೆ ನೀನು ಬಿಡ್ತಾ ಇಲ್ಲ!”

“ನಾನು ಇಲ್ಲೇ ಕೂತಿದ್ದೇನಲ್ಲ ಹವಾಲ್ದಾರ್ರೇ. ತಗೊಳ್ಳುವುದು ಅಂದರೆ ಎಂತ?”

ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಸೊಂಟ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು ಬಗ್ಗಿ, ಮಂಚದ ಅಡಿಯಿಂದ ನೀರಿನ ಬಾಟಲಿ ಹೊರಗೆ ತೆಗೆದು ಮೇಜಿನ ಮೇಲಿಟ್ಟರು.

“ಇದು ಸಿದ್ದೀಕಿ.”

“ಮತ್ತೆ ನಾನು?”

“ನೀನು ಸಿದ್ದೀಕ್!”

ನನಗೆ ತಲೆ ಗಿರ್ ಎಂದಿತು. ಸಕ್ಕರೆ ಕೊಳೆಯಿಸಿ, ಕದ್ದು ಭಟ್ಟಿ ಇಳಿಸುವ ಸಾರಾಯಿಗೆ ಇಲ್ಲಿನ ಬಿಳಿಯರು ಇಟ್ಟ ಗುಪ್ತನಾಮವಂತೆ ಅದು. ‘ನನ್ನ ಗೆಳೆಯ’ ಎನ್ನಲು ಅರಬಿಯಲ್ಲಿ ‘ಸದೀಕಿ’. ಅದು ಬಾಯಿಂದ ಬಾಯಿಗೆ ತಿರುಗಿ ಸಿದ್ದೀಕಿ. ಇಡೀ ಕ್ಯಾಂಪಿಗೆ ಗೊತ್ತು. ನನ್ನ ಹೆಸರು ಸಿದ್ದೀಕ್ ಎಂಬ ಮರ್ಯಾದೆಗೆ ನನ್ನೆದುರು ಮಾತ್ರ ಯಾರೂ ಆ ಶಬ್ದ ಎತ್ತುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಯಾರಾದರೂ ‘ಸಿದ್ದೀಕ್ ಬಂದ’ ಎಂದರೆ ಹಿಂದಿನ ಮೇಜಿನವರು ಯಾಕೆ ಕಿಸಕ್ಕೆಂದು ನಗುತ್ತಿದ್ದರು ಎಂದು ಆರು ವರ್ಷದ ಮೇಲೆ ಅರ್ಥವಾಯಿತು. ಸತ್ಯವಂತ ಎಂದು ಹೆಸರಿಟ್ಟ ನನ್ನ ಅಜ್ಜ ಇದನ್ನು ಕೇಳಿದ್ದರೆ ಖಬರಿನ ಮಣ್ಣಿನಡಿಯಲ್ಲಿ ಮಗ್ಗುಲು ಬದಲಿಸುತ್ತಿದ್ದರು.

ನನಗೆ ನಗು ಬಂತು. ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಹವಾಲ್ದಾರರು ನಗಲಿಲ್ಲ.

“ನಗು ನೀನು,” ಎಂದರು. “ನಾನು ಹೇಳಿದ್ದೆನಲ್ಲ ಮಾರಾಯ. ಜೀವಮಾನದಲ್ಲಿ ಮೊದಲ ಸಲ ಒಬ್ಬರ ಎದುರು ಬಾಯಿ ಬಿಟ್ಟೆ. ಮೂರು ದಿನ ನಿದ್ದೆ ಬಿಟ್ಟು ಧೈರ್ಯ ಮಾಡಿಕೊಂಡು ಬಂದಿದ್ದೆ. ಹೇಳಿದ್ದನ್ನು ನೀನು ಎಲ್ಲಿ ಹಾಕಿದೆ?”

ನನ್ನ ನಗು ನಿಂತಿತು. ಆಮೇಲೆ ಅವರು ಎಲ್ಲ ಹೇಳಿದರು. ಮಿಲಿಟರಿಯಲ್ಲಿ ಚಳಿಗೆ ಎಂದು ಸಿಗುವ ರಮ್ಮನ್ನು ಸೊಂಟಕ್ಕೆ ಎಂದು ಕುಡಿಯಲು ಶುರು ಮಾಡಿದ್ದು. ಇಲ್ಲಿ ಬಂದ ಮೇಲೆ ಹಗಲಿಗೆ ಮಾತ್ರೆ, ಸಂಜೆಗೆ ಬಾಟಲಿ. ಮೊದಲು ಒಂದು ಮುಚ್ಚಳ, ಈಗ ಲೋಟ. ಬಿಡುತ್ತೇನೆ ಎಂದರೆ ಕೈ ನಡುಗುತ್ತದೆ. ಪಕ್ಕದ ಕ್ಯಾಂಪಿನಲ್ಲಿ ಹೀಗೇ ಎರಡನ್ನೂ ಒಟ್ಟಿಗೆ ತೆಗೆದುಕೊಂಡು ಮಲಗಿದವನೊಬ್ಬ ಬೆಳಿಗ್ಗೆ ಏಳಲಿಲ್ಲ. ಹಾರ್ಟ್ ಎಂದು ಹೇಳಿ ಪೆಟ್ಟಿಗೆಯಲ್ಲಿ ಊರಿಗೆ ಕಳಿಸಿದರು. “ಅವನು ಹೋದ ದಿನವೂ ನಾನು ಕುಡಿದೆ ಮಾರಾಯ, ಹೆದರಿಕೆಗೆ,” ಎಂದರು ಹವಾಲ್ದಾರರು.

ಈಗ ಹೇಳಿ, ಏನು ಮಾಡುವುದು? ಡಾಕ್ಟರಿಗೆ ಸತ್ಯ ಹೇಳಿದರೆ ಅವರು ಮ್ಯಾನೇಜರಿಗೆ ಹೇಳಬಹುದು, ಮ್ಯಾನೇಜರ್ ಪೊಲೀಸರಿಗೆ ಹೇಳಬಹುದು. ಈ ದೇಶದಲ್ಲಿ ಬಾಟಲಿ ಸಿಕ್ಕಿದರೆ ಜೈಲು, ಆಮೇಲೆ ಅಸಲಿ ಕ್ಯಾನ್ಸಲ್. ಹೇಳದಿದ್ದರೆ ಪೆಟ್ಟಿಗೆ. ಜೀವವೋ ಇಕಾಮಾವೋ ಎಂದು ಯೋಚಿಸಬೇಕಾದ ಪ್ರಶ್ನೆಯೇ ಅದು? ಆದರೆ ಗಲ್ಫಿನಲ್ಲಿ ನಾವೆಲ್ಲ ಯೋಚಿಸುತ್ತೇವೆ ಮಾರಾಯ್ರೆ. ನಿಜವಾಗಿ ಯೋಚಿಸುತ್ತೇವೆ.

ಹವಾಲ್ದಾರರೇ ಕೊನೆಗೆ ಹೇಳಿದರು: “ಊರಲ್ಲಾದರೆ ಇಗರ್ಜಿಗೆ ಹೋಗಿ ಪಾದ್ರಿಯ ಹತ್ತಿರ ಪಾಪ ಹೇಳಿಕೊಂಡು ಬರ್ತಿದ್ದೆ. ಕುಮ್ಸಾರ್ ಅಂತೇವೆ ನಾವು. ಇಲ್ಲಿ ಇಗರ್ಜಿ ಇಲ್ಲ, ಪಾದ್ರಿ ಇಲ್ಲ. ಈ ಈಜಿಪ್ಟಿನವರೇ ಆಗಲಿ. ಆದರೆ ಈ ಸಲ ನಾನೇ ಹೇಳ್ತೇನೆ, ಇಂಗ್ಲಿಷಲ್ಲಿ. ನೀನು ಬಾಯಿ ಮುಚ್ಚಿಕೊಂಡು ಕೂತ್ಕೋ.”

ಮುಂದಿನ ಮಂಗಳವಾರ ಹವಾಲ್ದಾರರು ಇಸ್ತ್ರಿ ಹಾಕಿದ ಯೂನಿಫಾರ್ಮಿನಲ್ಲಿ ಬಂದರು. ಡಾಕ್ಟರ ಮುಂದೆ ಅಟೆನ್ಷನ್ನಿನಲ್ಲಿ ನಿಂತರು. ಡಾಕ್ಟರು ನಗುತ್ತಾ, “ಹೌ ಈಸ್ ಯುವರ್ ಸದೀಕ್?” ಎಂದು ಕೇಳಿದರು.

ಹವಾಲ್ದಾರರು ಗೋಡೆಯ ಗಡಿಯಾರವನ್ನು ದಿಟ್ಟಿಸುತ್ತಾ, ಪರೇಡಿನ ಗಂಟಲಿನಲ್ಲಿ ಘೋಷಿಸಿದರು:

“ಸರ್! ಸಿದ್ದೀಕಿ ನಾಟ್ ಮ್ಯಾನ್ ಸರ್! ಸಿದ್ದೀಕಿ ಬಾಟಲ್ ಸರ್!”

ಡಾಕ್ಟರು ಗಾಬರಿಯಾಗಿ ನನ್ನ ಕಡೆ ತಿರುಗಿದರು.

“ನಾನು ಮ್ಯಾನ್,” ಎಂದೆ. ಇನ್ನೇನು ಹೇಳಲಿ?

ಡಾಕ್ಟರ ಮುಖದಲ್ಲಿ ನಗು ಇಳಿಯಿತು. ಎದ್ದರು. ನಡೆದು ಬಾಗಿಲಿನ ಕಡೆ ಹೋದರು. ಹವಾಲ್ದಾರರ ಮೀಸೆ ಅದುರಿತು. ನಾನು ಮನಸ್ಸಿನಲ್ಲೇ ಗೊತ್ತಿದ್ದ ದುವಾ ಎಲ್ಲ ಹೇಳಿಕೊಂಡೆ. ಡಾಕ್ಟರು ಯಾರನ್ನೂ ಕರೆಯಲಿಲ್ಲ. ಬಾಗಿಲು ಹಾಕಿ ಚಿಲಕ ಸರಿಸಿ ವಾಪಸ್ ಬಂದು ಕೂತರು.

“ಈ ಕೋಣೆಯಲ್ಲಿ ಆಡಿದ ಮಾತು ಈ ಕೋಣೆಯದ್ದು,” ಎಂದರು ಅರಬಿಯಲ್ಲಿ. “ಅನುವಾದ ಮಾಡು. ಈ ಸಲ ಸರಿಯಾಗಿ.” ಆಮೇಲೆ ಸಿಟ್ಟಿನಿಂದಲೇ ಕೇಳಿದರು, “ಮೊದಲ ದಿನವೇ ಯಾಕೆ ಹೇಳಲಿಲ್ಲ?”

ನಾನು ಅನುವಾದ ಮಾಡಿದೆ. ಹವಾಲ್ದಾರರು ನನ್ನನ್ನೊಮ್ಮೆ ನೋಡಿದರು.

“ಹೇಳಿದ್ದೆ ಸರ್,” ಎಂದರು.

ಡಾಕ್ಟರ್ ಹುಸಾಮ್ ಅವರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಮೇಜಿಗೆ ತಲೆ ಇಟ್ಟು ನಕ್ಕರು. ಹವಾಲ್ದಾರರೂ ನಕ್ಕರು, ನಕ್ಕರೆ ಸೊಂಟ ಹಿಡಿಯುತ್ತದೆ ಎಂದು ಅಯ್ಯಯ್ಯೋ ಎನ್ನುತ್ತಲೇ ನಕ್ಕರು. ನನಗೆ ಮಾತ್ರ ಯಾಕೋ ಅಳು ಬಂತು.

ಮುಂದಿನದ್ದು ಸರಸರನೆ ಆಗಲಿಲ್ಲ. ಬಾಟಲಿಯನ್ನು ಒಂದೇ ಏಟಿಗೆ ನಿಲ್ಲಿಸಿದರೆ ಅದೂ ಅಪಾಯವಂತೆ, ಕೈ ನಡುಕ ಮೈಗೆಲ್ಲ ಹತ್ತುತ್ತದಂತೆ. ಹಾಗಾಗಿ ಹವಾಲ್ದಾರರು ಕೆಲವು ದಿನ ಕ್ಲಿನಿಕ್ಕಿನ ಮಂಚದ ಮೇಲೆಯೇ ಮಲಗಿದರು. ಕಾಗದದ ಮೇಲೆ ಕಾಯಿಲೆ ‘ಬೆನ್ನುನೋವು’ ಎಂದೇ ಇತ್ತು, ಸುಳ್ಳೇನಲ್ಲವಲ್ಲ. ಪೆಪ್ಪರ್‌ಮಿಂಟ್ ಮಾತ್ರೆ ಹೋಗಿ ಲೆಕ್ಕದ ಮಾತ್ರೆ ಬಂತು. ಬೆಳಿಗ್ಗೆ ಕ್ಯಾಂಪಿಗೆ ಒಂದು ಸುತ್ತು ನಡಿಗೆ. ಗೇಟಿನಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು, ಸ್ವಲ್ಪ ಹೊತ್ತು ಕೂರುವುದು. ಟೊಪ್ಪಿಗೆ ಮೊಳೆ ಹೊಡೆದು ಗೋಡೆಯಲ್ಲಿ ಜಾಗ ಮಾಡಿಕೊಟ್ಟೆವು. ವಾರಕ್ಕೊಮ್ಮೆ ಮಾತು. ನಡುವೆ ಒಂದು ಸಲ ಜಾರಿದರು. ಮರುದಿನ ಅವರೇ ಹೋಗಿ ಡಾಕ್ಟರಿಗೆ ಹೇಳಿದರು. ಬೈಗಳು ತಿಂದು ಬಂದು, “ಹೇಳಿದ ಮೇಲೆ ಹಗುರ ಆಯ್ತು ಮಾರಾಯ, ಸೊಂಟ ಅಲ್ಲ, ತಲೆ” ಎಂದರು.

ಈಗ ಕ್ಲಿನಿಕ್ಕಿನ ಹೊರಗಿನ ಬೆಂಚು ಮಂಗಳವಾರ ಖಾಲಿ ಇರುವುದಿಲ್ಲ. ರಾತ್ರಿ ಪಾಳಿಯ ಸೆಕ್ಯುರಿಟಿ ಪಾಕಿಸ್ತಾನದ ಸೈನ್ಯದಲ್ಲಿ ನಾಯಕ್ ಆಗಿದ್ದವರು. ಅವರದ್ದು ಮೊಣಕಾಲು. ಇಷ್ಟು ದಿನ ಗೇಟಿನಲ್ಲಿ ಡ್ಯೂಟಿ ಬದಲಾಗುವಾಗ ಅವರೂ ಹವಾಲ್ದಾರರೂ ಮುಖ ಕೂಡ ನೋಡುತ್ತಿರಲಿಲ್ಲ. ಮೊನ್ನೆ ಬೆಂಚಿನ ಮೇಲೆ ಅಕ್ಕಪಕ್ಕ ಕೂತಿದ್ದರು. ಹವಾಲ್ದಾರರು ಅವರಿಗೆ ಹಿಂದಿಯಲ್ಲಿ ಧೈರ್ಯ ಹೇಳುತ್ತಿದ್ದರು, “ಡರೋ ಮತ್, ಕ್ಯಾನ್ಸಲ್ ನಹೀಂ ಹೈ. ಸಿರ್ಫ್ ಬಾತ್ ಕರ್ತಾ ಹೈ. ಲೇಕಿನ್ ಜಲ್ದಿ ಬೋಲೋ, ಮೇರೇ ಜೈಸಾ ದೇರ್ ಮತ್ ಕರೋ.” ಹೆದರಬೇಡ, ಕ್ಯಾನ್ಸಲ್ ಅಲ್ಲ, ಬರೀ ಮಾತಾಡಿಸುತ್ತಾರೆ; ಆದರೆ ಬೇಗ ಹೇಳು, ನನ್ನ ಹಾಗೆ ತಡ ಮಾಡಬೇಡ. ಡಾಕ್ಟರು ಇಷ್ಟು ದಿನ ಹೇಳಿದ್ದೂ ಇದನ್ನೇ. ಸಿಟ್ಟಿಲ್ಲದೆ ಹವಾಲ್ದಾರರು ಹಿಂದಿ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ.

ನಾವು ಇಲ್ಲಿಂದ ಊರಿಗೆ ಬರೆಯುವ ಪತ್ರಗಳ ಮೊದಲ ಸಾಲು ನಿಮಗೆ ಗೊತ್ತಲ್ಲ? ‘ನಾನು ಇಲ್ಲಿ ಕ್ಷೇಮವಾಗಿದ್ದೇನೆ.’ ಜ್ವರದಲ್ಲಿ ಹಲ್ಲು ಕಟಕಟಿಸುತ್ತಿದ್ದರೂ ಅದೇ ಸಾಲು. ಸೈನಿಕರದ್ದೂ ಅದೇ, ನಮ್ಮದೂ ಅದೇ. ಯಾರಿಗೂ ತೊಂದರೆ ಕೊಡಬಾರದು ಎಂದು ಬರೆಯುತ್ತೇವೆ. ಬರೆದು ಬರೆದು ಅಭ್ಯಾಸವಾಗಿ, ಕೊನೆಗೆ ಡಾಕ್ಟರು ಕೇಳಿದರೂ ಬಾಯಿಗೆ ಬರುವುದು ‘ಗ್ಯಾಸ್’.

ಈ ಅಂಕಣ ಇಲ್ಲಿಗೆ ಮುಗಿಸುವವನಿದ್ದೆ. ನಿನ್ನೆ ಆಫೀಸಿಗೆ ಊರಿನಿಂದ ಫೋನ್ ಬಂತು. ಶಿರ್ವದ ಬೂತಿನಿಂದ ಹವಾಲ್ದಾರರ ಹೆಂಡತಿ. ದನಿಯಲ್ಲಿ ನಡುಕ.

“ಸಿದ್ದೀಕಣ್ಣ, ನಿಜ ಹೇಳಿ. ಅವರಿಗೆ ಎಂತ ಆಗಿದೆ?”

“ಎಂತ ಆಗಿಲ್ಲ ಬಾಯಮ್ಮ, ಆರಾಮ ಇದ್ದಾರೆ. ಯಾಕೆ?”

“ಮೊನ್ನೆ ಫೋನಿನಲ್ಲಿ, ಸೊಂಟ ನೋಯ್ತದೆ ಅಂದ್ರು. ಮದುವೆಯಾದಲ್ಲಿಂದ ಇವತ್ತಿನವರೆಗೆ ಆ ಮನುಷ್ಯ ಒಮ್ಮೆ ಕೂಡ ನೋವು ಅಂತ ಹೇಳಿದವರಲ್ಲ. ನನಗೆ ಎರಡು ದಿನದಿಂದ ಊಟ ಸೇರ್ತಾ ಇಲ್ಲ. ಏನಾದ್ರೂ ದೊಡ್ಡದಾ?”

ಹೆದರಬೇಡಿ, ಅವರೀಗ ಗುಣವಾಗುತ್ತಿದ್ದಾರೆ, ಅದಕ್ಕೇ ಹೇಳಿದ್ದು ಎಂದು ಆ ತಾಯಿಗೆ ಅರ್ಥ ಮಾಡಿಸುವಷ್ಟರಲ್ಲಿ ಲೈನ್ ಕಟ್ಟಾಯಿತು. ಅಲ್ಲ, ಗಂಡಸೊಬ್ಬ ‘ನೋಯ್ತದೆ’ ಎಂದ ಕೂಡಲೇ ಎರಡು ದಿನ ಊಟ ಬಿಡುವ ನಾವು, ಅವನು ಏನೂ ಹೇಳದೆ ಇದ್ದ ಅಷ್ಟು ವರ್ಷ ಹೊಟ್ಟೆ ತುಂಬ ಉಂಡದ್ದು ಹೇಗೆ?